ಗಾಳಿಯ ಭಾರ ಅಳೆದ ಟಾರಿಸೆಲ್ಲಿ



ಮಳೆಗಾಲ ಹತ್ತಿರ ಬಂದಾಗ ರೇಡಿಯೋದಲ್ಲಿ, ಟಿ.ವಿ.ಯಲ್ಲಿ ಒಂದು ಸುದ್ದಿಯನ್ನು ನೀವು ಕೇಳಿಯೇ ಇರುತ್ತೀರಿ. ಅರಬ್ಬೀ ಸಮುದ್ರದಲ್ಲಿ ವಾಯುಭಾರ ಕುಸಿತ ಉಂಟಾಗಿದೆ, ಕರಾವಳಿಯಲ್ಲಿ ಬಿರುಗಾಳಿ ಸಹಿತ ಮಳೆಯಾಗಬಹುದು, ಮೀನುಗಾರರು ಕಡಲಿಗೆ ಇಳಿಯಬಾರದು ಎಂದು. ವಾಯು ಎಂದರೆ ಗಾಳಿ, ಭಾರ ಎಂದರೆ ತೂಕ. ಹಾಗಾದರೆ ಗಾಳಿಗೂ ತೂಕವಿದೆಯೇ? ಇದ್ದರೆ ಅದು ಕುಸಿಯುವುದು ಹೇಗೆ? ಎಲ್ಲೋ ಕಡಲ ಮೇಲೆ ಅದು ಕುಸಿದರೆ ನಮ್ಮೂರಿನ ತೆಂಗಿನ ಮರ ಏಕೆ ಅಲ್ಲಾಡಬೇಕು?

ಈ ಪ್ರಶ್ನೆಗಳಿಗೆ ಸುಮಾರು 380 ವರ್ಷಗಳ ಹಿಂದೆ ಇಟಲಿ ದೇಶದ ಒಬ್ಬ ಗಣಿತಜ್ಞ ಉತ್ತರ ಹುಡುಕಿದ. ಆತನ ಹೆಸರು ಎವಾಂಜೆಲಿಸ್ಟಾ ಟಾರಿಸೆಲ್ಲಿ. ಬದುಕಿದ್ದು ಕೇವಲ 39 ವರ್ಷ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾವು ಉಸಿರಾಡುವುದಕ್ಕೂ ಗಾಳಿ ಎನ್ನುತ್ತೇವೆ, ಬೀಸುವುದಕ್ಕೂ ಗಾಳಿ ಎನ್ನುತ್ತೇವೆ. ಗೊಂದಲ ಆಗದಿರಲಿ ಎಂದು ಈ ಲೇಖನದಲ್ಲಿ ಬೀಸುವ ಗಾಳಿಯನ್ನು ಮಾರುತ ಎಂದು ಕರೆಯೋಣ.

ಬಡ ಕುಟುಂಬದ ಹುಡುಗ

ಟಾರಿಸೆಲ್ಲಿ ಹುಟ್ಟಿದ್ದು 1608ರ ಅಕ್ಟೋಬರ್ 15ರಂದು. ತಂದೆಯದು ಬಟ್ಟೆ ತಯಾರಿಕೆಯ ಕೆಲಸ. ಮೂವರು ಗಂಡುಮಕ್ಕಳಲ್ಲಿ ಈತನೇ ಹಿರಿಯ. ಹುಡುಗ ಚುರುಕಾಗಿದ್ದಾನೆ ಎಂಬುದು ಮನೆಯವರಿಗೆ ಗೊತ್ತಾಗಿತ್ತು, ಆದರೆ ಓದಿಸಲು ಹಣವಿರಲಿಲ್ಲ. ಫಾಯೆಂಜಾ ಎಂಬ ಪಟ್ಟಣದಲ್ಲಿ ಸಂನ್ಯಾಸಿಯಾಗಿದ್ದ ಚಿಕ್ಕಪ್ಪ ಯಾಕೊಪೊ ಹುಡುಗನ ಹೊಣೆ ಹೊತ್ತ. ಮೊದಲು ತಾನೇ ಪಾಠ ಹೇಳಿ, ಆಮೇಲೆ ಪಾದ್ರಿಗಳು ನಡೆಸುತ್ತಿದ್ದ ಶಾಲೆಗೆ ಸೇರಿಸಿದ.

ಅಲ್ಲಿಂದ ಟಾರಿಸೆಲ್ಲಿ ರೋಮ್ ನಗರಕ್ಕೆ ಬಂದ. ಅಲ್ಲಿ ಕ್ಯಾಸ್ಟೆಲ್ಲಿ ಎಂಬ ಪ್ರಾಧ್ಯಾಪಕರ ಬಳಿ ಗಣಿತ ಕಲಿತ. ಹೊಳೆ, ಕಾಲುವೆಗಳಲ್ಲಿ ನೀರು ಹರಿಯುವುದರ ಬಗ್ಗೆ ಕ್ಯಾಸ್ಟೆಲ್ಲಿ ಚೆನ್ನಾಗಿ ಬಲ್ಲವರು. ಕಲಿಕೆಯ ಜೊತೆಗೆ ಅವರ ಪತ್ರ ಬರೆಯುವ ಕೆಲಸವನ್ನೂ ಟಾರಿಸೆಲ್ಲಿ ಮಾಡುತ್ತಿದ್ದ. ಈ ಕ್ಯಾಸ್ಟೆಲ್ಲಿ ಯಾರ ಶಿಷ್ಯರು ಗೊತ್ತೇ? ದೂರದರ್ಶಕದಿಂದ ಗುರುಗ್ರಹದ ಉಪಗ್ರಹಗಳನ್ನು ಕಂಡ ಗೆಲಿಲಿಯೊನ ಶಿಷ್ಯರು.

1632ರಲ್ಲಿ ಗುರುಗಳು ಊರಿನಲ್ಲಿ ಇಲ್ಲದಿದ್ದಾಗ ಗೆಲಿಲಿಯೊನಿಂದ ಒಂದು ಪತ್ರ ಬಂತು. ಉತ್ತರ ಬರೆಯುವ ಕೆಲಸ 23 ವರ್ಷದ ಟಾರಿಸೆಲ್ಲಿಯ ಪಾಲಿಗೆ ಬಂತು. ಆ ಪತ್ರದಲ್ಲಿ ತನ್ನ ಪರಿಚಯ ಹೇಳಿಕೊಂಡು, ಭೂಮಿಯೇ ಸೂರ್ಯನ ಸುತ್ತ ಸುತ್ತುತ್ತದೆ ಎಂಬ ಮಾತನ್ನು ತಾನೂ ಒಪ್ಪುತ್ತೇನೆ ಎಂದು ಧೈರ್ಯವಾಗಿ ಬರೆದ.

ಮರುವರ್ಷವೇ, ಅಂದರೆ 1633ರಲ್ಲಿ, ಅದೇ ಮಾತಿಗಾಗಿ ಗೆಲಿಲಿಯೊನ ವಿಚಾರಣೆ ನಡೆಯಿತು. 69 ವರ್ಷದ ಮುದುಕನನ್ನು ಮಂಡಿಯೂರಿಸಿ, ತಾನು ಬರೆದದ್ದು ತಪ್ಪು ಎಂದು ಹೇಳಿಸಿದರು. ಸಾಯುವವರೆಗೂ ಗೃಹಬಂಧನ ವಿಧಿಸಿದರು. ಟಾರಿಸೆಲ್ಲಿ ಇದನ್ನೆಲ್ಲ ನೋಡಿದ. ಆಮೇಲೆ ಆತ ಆಕಾಶದ ವಿಷಯವನ್ನು ಬಹಿರಂಗವಾಗಿ ಮಾತನಾಡುವುದನ್ನು ಬಿಟ್ಟು ರೇಖಾಗಣಿತದಲ್ಲಿ ಮುಳುಗಿದ. ಹೆದರಿದ ಎಂದು ನೀವು ಹೇಳಬಹುದು. ಹೆದರುವುದಕ್ಕೆ ಕಾರಣವೂ ಇತ್ತು. ಈ ಎಚ್ಚರಿಕೆ ಆತನ ಜೀವನದ ಉದ್ದಕ್ಕೂ ಇತ್ತು ಎಂಬುದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಮೂರೇ ತಿಂಗಳು

ಚಲನೆಯ ಬಗ್ಗೆ ಟಾರಿಸೆಲ್ಲಿ ಬರೆದ ಹಸ್ತಪ್ರತಿಯನ್ನು 1641ರಲ್ಲಿ ಕ್ಯಾಸ್ಟೆಲ್ಲಿ ಗೆಲಿಲಿಯೊನಿಗೆ ತೋರಿಸಿದರು. ಆಗ ಗೆಲಿಲಿಯೊ ಫ್ಲಾರೆನ್ಸ್ ನಗರದ ಪಕ್ಕದ ಆರ್ಚೆಟ್ರಿ ಎಂಬಲ್ಲಿ ಬಂಧನದಲ್ಲಿದ್ದ. ಎರಡೂ ಕಣ್ಣು ಹೋಗಿದ್ದವು. ಹೇಳಿದ್ದನ್ನು ಬರೆದುಕೊಳ್ಳಲು ವಿವಿಯಾನಿ ಎಂಬ 19 ವರ್ಷದ ಶಿಷ್ಯ ಜೊತೆಗಿದ್ದ. ಹಸ್ತಪ್ರತಿ ಓದಿಸಿ ಕೇಳಿದ ಗೆಲಿಲಿಯೊ ಟಾರಿಸೆಲ್ಲಿಯನ್ನು ತನ್ನ ಬಳಿಗೆ ಕರೆಸಿಕೊಂಡ.

ಟಾರಿಸೆಲ್ಲಿ ಅಲ್ಲಿಗೆ ತಲುಪುವಾಗ ಅಕ್ಟೋಬರ್ ಆಗಿತ್ತು. 1642ರ ಜನವರಿ 8ರಂದು ಗೆಲಿಲಿಯೊ ತೀರಿಕೊಂಡ. ಗುರುವಿನ ಜೊತೆ ಸಿಕ್ಕಿದ್ದು ಮೂರೇ ತಿಂಗಳು. ರೋಮ್‌ಗೆ ಹಿಂತಿರುಗಬೇಕು ಎಂದಿದ್ದ ಟಾರಿಸೆಲ್ಲಿಯನ್ನು ಟಸ್ಕನಿಯ ದೊರೆ ಫರ್ಡಿನಾಂಡೊ ತಡೆದು ನಿಲ್ಲಿಸಿ, ತನ್ನ ಆಸ್ಥಾನದ ಗಣಿತಜ್ಞನಾಗಿ ನೇಮಿಸಿದ. ಅದು ಗೆಲಿಲಿಯೊ ಕುಳಿತಿದ್ದ ಸ್ಥಾನ. ಟಾರಿಸೆಲ್ಲಿ ಫ್ಲಾರೆನ್ಸ್‌ನಲ್ಲಿ ದೂರದರ್ಶಕಕ್ಕೆ ಬೇಕಾದ ಮಸೂರಗಳನ್ನೂ ತನ್ನ ಕೈಯಾರೆ ಉಜ್ಜಿ ತಯಾರಿಸುತ್ತಿದ್ದ. ಅವು ಆ ಕಾಲದ ಅತ್ಯುತ್ತಮ ಮಸೂರಗಳ ಸಾಲಿಗೆ ಸೇರಿದ್ದವು.

ಗುರು ಬಿಟ್ಟುಹೋದ ಪ್ರಶ್ನೆ

ಬಾವಿಯಿಂದ ನೀರೆತ್ತಲು ಆಗ ಹೀರುವ ಪಂಪುಗಳಿದ್ದವು. ಪಂಪಿನ ದಟ್ಟೆಯನ್ನು ಮೇಲಕ್ಕೆಳೆದರೆ ಕೊಳವೆಯೊಳಗೆ ನೀರು ಏರಿ ಬರುತ್ತಿತ್ತು. ಏಕೆ ಏರುತ್ತದೆ ಎಂದರೆ ವಿದ್ವಾಂಸರ ಬಳಿ ಸಿದ್ಧ ಉತ್ತರವಿತ್ತು: ಪ್ರಕೃತಿ ಬರಿದಾದ ಜಾಗವನ್ನು ಸಹಿಸುವುದಿಲ್ಲ, ಆದ್ದರಿಂದ ನೀರು ಓಡಿಬಂದು ಜಾಗ ತುಂಬುತ್ತದೆ. ಗ್ರೀಸ್‌ನ ಅರಿಸ್ಟಾಟಲ್‌ನ ಕಾಲದಿಂದ ಹೇಳಿಕೊಂಡು ಬಂದ ಮಾತು ಅದು.

ಆದರೆ ಪಂಪು ನಡೆಸುವ ಕೆಲಸಗಾರರಿಗೆ ಇನ್ನೊಂದು ವಿಷಯ ಗೊತ್ತಿತ್ತು. ಸುಮಾರು 10 ಮೀಟರ್ ಏರಿದ ಮೇಲೆ ಎಷ್ಟು ಎಳೆದರೂ ನೀರು ಒಂದು ಗೇಣೂ ಮೇಲೆ ಬರುತ್ತಿರಲಿಲ್ಲ. ಹತ್ತು ಮೀಟರ್‌ವರೆಗೆ ಬರಿದನ್ನು ಸಹಿಸದ ಪ್ರಕೃತಿ ಹನ್ನೊಂದನೆಯ ಮೀಟರ್‌ಗೆ ಸಹಿಸಿಕೊಳ್ಳುತ್ತದೆಯೇ? ಗೆಲಿಲಿಯೊ ಇದಕ್ಕೆ ಒಂದು ಕಾರಣ ಕೊಟ್ಟಿದ್ದ. ಉದ್ದದ ಹಗ್ಗ ತನ್ನ ತೂಕಕ್ಕೆ ತಾನೇ ತುಂಡಾಗುವಂತೆ ನೀರಿನ ಕಂಬವೂ ತುಂಡಾಗುತ್ತದೆ ಎಂದುಕೊಂಡಿದ್ದ. ಗುರುವಿನ ಈ ಉತ್ತರ ಸರಿಯಲ್ಲ ಎಂದು ಶಿಷ್ಯನಿಗೆ ಅನ್ನಿಸಿತು.

(ನಮ್ಮೂರಿನ ಬೋರ್‌ವೆಲ್ ಕೈಪಂಪು ನೂರಾರು ಅಡಿ ಆಳದಿಂದ ನೀರು ತರುತ್ತದಲ್ಲ ಎಂದು ನಿಮ್ಮಲ್ಲಿ ಯಾರಾದರೂ ಕೇಳಬಹುದು. ಒಳ್ಳೆಯ ಪ್ರಶ್ನೆ. ಆ ಪಂಪಿನ ಸಿಲಿಂಡರ್ ಕೆಳಗೆ ನೀರಿನೊಳಗೇ ಮುಳುಗಿರುತ್ತದೆ. ಅದು ನೀರನ್ನು ಹೀರುವುದಿಲ್ಲ, ಕೆಳಗಿನಿಂದ ಹೊತ್ತು ಮೇಲಕ್ಕೆ ತರುತ್ತದೆ.)

ಗೆಲಿಲಿಯೊ ಗಾಳಿಗೆ ತೂಕವಿದೆ ಎಂದು ತೂಗಿ ನೋಡಿದ್ದ. ರೋಮ್‌ನಲ್ಲಿ ಬೆರ್ಟಿ ಎಂಬಾತ ಉದ್ದದ ಕೊಳವೆಯಲ್ಲಿ ನೀರು ತುಂಬಿ ನಿಲ್ಲಿಸಿ ಪರೀಕ್ಷಿಸಿದ್ದ. ಜಿನೋವಾದ ಬಲಿಯಾನಿ ಎಂಬಾತ ನಮ್ಮ ಮೇಲಿರುವ ಗಾಳಿಯ ತೂಕವೇ ಇದಕ್ಕೆ ಕಾರಣ ಇರಬಹುದೆಂದು ಗೆಲಿಲಿಯೊನಿಗೆ ಪತ್ರ ಬರೆದಿದ್ದ. ಬಿಡಿಬಿಡಿಯಾಗಿ ಇದ್ದ ಈ ಸಂಗತಿಗಳನ್ನು ಟಾರಿಸೆಲ್ಲಿ ಜೋಡಿಸಿದ.

ಒಂದು ಮೀಟರ್ ಗಾಜಿನ ಕೊಳವೆ

ಹತ್ತು ಮೀಟರ್ ಉದ್ದದ ಕೊಳವೆ ಹಿಡಿದು ಪ್ರಯೋಗ ಮಾಡುವುದು ಎಷ್ಟು ಕಷ್ಟ! ಟಾರಿಸೆಲ್ಲಿ ನೀರಿನ ಬದಲು ಪಾದರಸವನ್ನು ಆರಿಸಿಕೊಂಡ. ಪಾದರಸ ನೀರಿಗಿಂತ 13.6 ಪಟ್ಟು ಭಾರ. ಗಾಳಿಯ ಒತ್ತಡ ನೀರನ್ನು 10 ಮೀಟರ್ ಎತ್ತುವುದಾದರೆ ಪಾದರಸವನ್ನು ಅದರ 13.6ರಲ್ಲಿ ಒಂದು ಭಾಗದಷ್ಟು ಮಾತ್ರ ಎತ್ತಬೇಕು. ಪೆನ್ಸಿಲ್ ತೆಗೆದುಕೊಂಡು ನೀವೇ ಲೆಕ್ಕ ಹಾಕಿ. 76 ಸೆಂ.ಮೀ. ಆಸುಪಾಸು ಬರುತ್ತದೆ.

1644ರಲ್ಲಿ ಈ ಪ್ರಯೋಗವನ್ನು ಕೈಯಾರೆ ಮಾಡಿದ್ದು ವಿವಿಯಾನಿ, ಗೆಲಿಲಿಯೊನ ಮನೆಯಲ್ಲಿದ್ದ ಅದೇ ಹುಡುಗ. ಒಂದು ಮೀಟರ್‌ಗಿಂತ ತುಸು ಉದ್ದದ, ಒಂದು ತುದಿ ಮುಚ್ಚಿದ ಗಾಜಿನ ಕೊಳವೆಗೆ ಪಾದರಸ ತುಂಬಿದ. ತೆರೆದ ತುದಿಯನ್ನು ಬೆರಳಿನಿಂದ ಒತ್ತಿಹಿಡಿದು, ತಲೆಕೆಳಗು ಮಾಡಿ, ಪಾದರಸವಿದ್ದ ಬೋಗುಣಿಯಲ್ಲಿ ಅದ್ದಿ, ಬೆರಳು ತೆಗೆದ. ಕೊಳವೆಯ ಪಾದರಸ ಇಳಿಯಿತು. ಪೂರ್ತಿ ಇಳಿಯಲಿಲ್ಲ. ಬೋಗುಣಿಯ ಮಟ್ಟದಿಂದ ಸುಮಾರು 76 ಸೆಂ.ಮೀ. ಎತ್ತರದಲ್ಲಿ ನಿಂತುಬಿಟ್ಟಿತು. ಅದರ ಮೇಲೆ ಕೊಳವೆಯಲ್ಲಿ ಉಳಿದದ್ದು ಬರಿದಾದ ಜಾಗ. ಅಸಾಧ್ಯ ಎಂದು ದೊಡ್ಡವರು ಹೇಳುತ್ತಿದ್ದ ನಿರ್ವಾತ ಕಣ್ಣೆದುರಿಗೇ ಇತ್ತು.

(ಪಾದರಸ ವಿಷ. ಅದರ ಆವಿಯೂ ಅಪಾಯಕಾರಿ. ಆಗ ಇದು ಅವರಿಗೆ ಸರಿಯಾಗಿ ತಿಳಿದಿರಲಿಲ್ಲ. ಥರ್ಮಾಮೀಟರ್ ಒಡೆದಾಗ ಉರುಳುವ ಬೆಳ್ಳಿಯಂಥ ಹನಿಗಳನ್ನು ನೀವು ಮುಟ್ಟಲೇಬಾರದು.)

ಪಾದರಸವನ್ನು ಹಿಡಿದು ನಿಲ್ಲಿಸಿದ್ದು ಯಾವುದು? ಶಿಕ್ಷಕರ ತರಬೇತಿಗಳಲ್ಲಿ ನಾನು ಈ ಪ್ರಶ್ನೆ ಕೇಳಿದಾಗ ಮೇಲಿನ ಬರಿದಾದ ಜಾಗ ಎಳೆದು ಹಿಡಿದಿದೆ ಎನ್ನುವ ಉತ್ತರ ಈಗಲೂ ಬರುತ್ತದೆ. ಟಾರಿಸೆಲ್ಲಿಗೂ ಈ ಆಕ್ಷೇಪ ಬರುತ್ತದೆಂದು ಗೊತ್ತಿತ್ತು. ಅದಕ್ಕೇ ಎರಡು ಕೊಳವೆಗಳನ್ನು ಬಳಸಿದ. ಒಂದು ಸಾದಾ ಕೊಳವೆ. ಇನ್ನೊಂದರ ಮೇಲ್ತುದಿಯಲ್ಲಿ ದೊಡ್ಡ ಗಾಜಿನ ಬುರುಡೆ ಇತ್ತು. ಬರಿದು ಎಳೆಯುವುದಾದರೆ ಹೆಚ್ಚು ಬರಿದಾದ ಜಾಗವಿರುವ ಬುರುಡೆಯ ಕೊಳವೆಯಲ್ಲಿ ಪಾದರಸ ಹೆಚ್ಚು ಎತ್ತರಕ್ಕೆ ನಿಲ್ಲಬೇಕಿತ್ತು, ಅಲ್ಲವೇ? ಎರಡರಲ್ಲೂ ಒಂದೇ ಮಟ್ಟದಲ್ಲಿ ನಿಂತಿತು. ನನಗಂತೂ ಇಡೀ ಪ್ರಯೋಗದಲ್ಲಿ ತುಂಬ ಇಷ್ಟವಾದ ಭಾಗ ಇದೇ.

ಕಾರಣ ಒಳಗಿಲ್ಲ, ಹೊರಗಿದೆ ಎಂದು ಟಾರಿಸೆಲ್ಲಿ ತೀರ್ಮಾನಿಸಿದ. ನಾವೆಲ್ಲ ಗಾಳಿಯ ದೊಡ್ಡ ಕಡಲಿನ ತಳದಲ್ಲಿ ವಾಸಿಸುತ್ತಿದ್ದೇವೆ. ಆ ಕಡಲಿನ ಭಾರ ಬೋಗುಣಿಯ ಪಾದರಸದ ಮೇಲೆ ಒತ್ತುತ್ತದೆ. ಆ ಒತ್ತಡವೇ ಕೊಳವೆಯೊಳಗಿನ ಪಾದರಸವನ್ನು ಹೊತ್ತು ನಿಲ್ಲಿಸಿದೆ.

ಇದನ್ನು ಪಾದರಸವಿಲ್ಲದೆ ನೀವೂ ನೋಡಬಹುದು. ಬಕೆಟ್ ನೀರಿನಲ್ಲಿ ಗಾಜಿನ ಲೋಟವನ್ನು ಪೂರ್ತಿ ಮುಳುಗಿಸಿ ತುಂಬಿಸಿ. ನೀರೊಳಗೇ ಬೋರಲು ಮಾಡಿ ನಿಧಾನವಾಗಿ ಮೇಲೆತ್ತಿ. ಲೋಟದ ಬಾಯಿ ನೀರಿನಿಂದ ಹೊರಬರುವವರೆಗೆ ಒಳಗಿನ ನೀರು ಇಳಿಯುವುದೇ ಇಲ್ಲ.

ಗಾಳಿ ಎಷ್ಟು ಭಾರ? ಕರಾವಳಿಯಲ್ಲಿ ಒಂದು ಘನ ಮೀಟರ್ ಗಾಳಿಯ ತೂಕ ಸುಮಾರು 1.2 ಕೆ.ಜಿ. ನಿಮ್ಮ ತರಗತಿ 6 ಮೀ. ಉದ್ದ, 5 ಮೀ. ಅಗಲ, 3 ಮೀ. ಎತ್ತರ ಇದ್ದರೆ ಅದರೊಳಗಿನ ಗಾಳಿಯೇ 108 ಕೆ.ಜಿ. ಎರಡು ಅಕ್ಕಿ ಮೂಟೆಗಿಂತ ಹೆಚ್ಚು! ಇನ್ನು ವಾಯುಮಂಡಲ ಪೂರ್ತಿ ಸೇರಿ ಒಂದು ಚದರ ಸೆಂ.ಮೀ. ಜಾಗದ ಮೇಲೆ, ಅಂದರೆ ನಿಮ್ಮ ಉಗುರಿನಷ್ಟು ಜಾಗದ ಮೇಲೆ, ಸುಮಾರು ಒಂದು ಕೆ.ಜಿ. ಭಾರ ಹಾಕುತ್ತದೆ. ಗಾಳಿ ಎಲ್ಲ ಕಡೆಯಿಂದಲೂ ಒತ್ತುತ್ತದೆ, ನಮ್ಮ ದೇಹದ ಒಳಗಿನಿಂದಲೂ ಅಷ್ಟೇ ಒತ್ತಡವಿದೆ. ಹಾಗಾಗಿ ನಾವು ನಜ್ಜುಗುಜ್ಜಾಗುವುದಿಲ್ಲ.

ಅಚ್ಚಾಗದ ಶೋಧ

ಇಷ್ಟು ದೊಡ್ಡ ಸಂಗತಿ ಕಂಡ ಟಾರಿಸೆಲ್ಲಿ ಪುಸ್ತಕ ಬರೆದು ಸಾರಲಿಲ್ಲ. 1644ರ ಜೂನ್ 11ರಂದು ರೋಮ್‌ನಲ್ಲಿದ್ದ ಗೆಳೆಯ ರಿಚ್ಚಿಗೆ ಒಂದು ಪತ್ರ ಬರೆದ, ಅಷ್ಟೇ. ಬರಿದಾದ ಜಾಗ ಇರಲು ಸಾಧ್ಯ ಎನ್ನುವುದು ಆಗ ಸುಮ್ಮನೆ ವಿಜ್ಞಾನದ ಮಾತಾಗಿರಲಿಲ್ಲ. ಹಳೆಯ ತತ್ವಶಾಸ್ತ್ರವನ್ನೂ ಅದರ ಜೊತೆ ಹೆಣೆದುಕೊಂಡಿದ್ದ ಧರ್ಮದ ನಂಬಿಕೆಗಳನ್ನೂ ಅದು ತಾಕುತ್ತಿತ್ತು. ಗೆಲಿಲಿಯೊನಿಗೆ ಆದದ್ದನ್ನು ಟಾರಿಸೆಲ್ಲಿ ಕಂಡಿದ್ದ. ಆ ವರ್ಷ ಆತ ಅಚ್ಚು ಹಾಕಿಸಿದ್ದು ರೇಖಾಗಣಿತದ ಪುಸ್ತಕವನ್ನು.

ರಿಚ್ಚಿ ಬುದ್ಧಿವಂತ. ಒಂದು ತೊಡಕಿನ ಪ್ರಶ್ನೆ ಕೇಳಿದ: ಬೋಗುಣಿಗೆ ಗಟ್ಟಿಯಾಗಿ ಮುಚ್ಚಳ ಹಾಕಿದರೆ ಮೇಲಿನ ಗಾಳಿಯ ಭಾರ ತಪ್ಪಿಹೋಗುತ್ತದಲ್ಲ, ಆಗ ಪಾದರಸ ಇಳಿಯಬೇಕಲ್ಲ? ಟಾರಿಸೆಲ್ಲಿ ಉಣ್ಣೆಯ ಉದಾಹರಣೆ ಕೊಟ್ಟು ಉತ್ತರಿಸಿದ. ಉಣ್ಣೆಯನ್ನು ರಾಶಿ ಹಾಕಿದರೆ ಮೇಲಿನ ಉಣ್ಣೆಯ ಭಾರಕ್ಕೆ ತಳದ ಉಣ್ಣೆ ಅದುಮಿಕೊಂಡಿರುತ್ತದೆ. ನಡುವೆ ಹಲಗೆಯೊಂದನ್ನು ತೂರಿಸಿ ಬಿಗಿಯಾಗಿ ನಿಲ್ಲಿಸಿದರೂ ಕೆಳಗಿನದು ಅದುಮಿಕೊಂಡೇ ಇರುತ್ತದೆ, ಹಾಗೆಯೇ ಒತ್ತುತ್ತಿರುತ್ತದೆ. ಮುಚ್ಚಳದ ಕೆಳಗಿನ ಗಾಳಿಯೂ ಹಾಗೆಯೇ.

ತಾನು ಈ ಕೊಳವೆಯನ್ನು ಮಾಡಿದ್ದು ನಿರ್ವಾತ ತೋರಿಸುವುದಕ್ಕಷ್ಟೇ ಅಲ್ಲ ಎಂದೂ ಆತ ರಿಚ್ಚಿಗೆ ತಿಳಿಸಿದ್ದ. ಗಾಳಿ ಒಮ್ಮೆ ಭಾರ, ಒಮ್ಮೆ ಹಗುರ ಆಗುವುದನ್ನು ತೋರಿಸುವ ಉಪಕರಣ ಆತನಿಗೆ ಬೇಕಾಗಿತ್ತು. ಬಿಸಿ, ತಂಪಿಗೂ ಮಟ್ಟ ಏರುಪೇರಾಗುತ್ತಿದ್ದುದರಿಂದ ಅಂದುಕೊಂಡಂತೆ ಆಗಲಿಲ್ಲ ಎಂದು ಒಪ್ಪಿಕೊಂಡಿದ್ದ. ಮುಂದೆ ಅದೇ ಕೊಳವೆ ವಾಯುಭಾರ ಮಾಪಕವಾಯಿತು.

ಮಾರುತ ಹುಟ್ಟುವುದು ಹೇಗೆ?

ಫ್ಲಾರೆನ್ಸ್‌ನಲ್ಲಿ ಇಟಾಲಿಯನ್ ಭಾಷೆಗೆಂದೇ ಒಂದು ವಿದ್ವತ್ ಸಭೆ ಇತ್ತು. ಅಲ್ಲಿ ಟಾರಿಸೆಲ್ಲಿ ಹಲವು ಉಪನ್ಯಾಸಗಳನ್ನು ಕೊಟ್ಟ. ಅವುಗಳಲ್ಲಿ ಒಂದು ಮಾರುತದ ಬಗ್ಗೆ.

ನೆಲದಿಂದ ಏಳುವ ಆವಿಯಂಥ ಉಸಿರೇ ಮಾರುತ ಎಂದು ಆಗ ಪಾಠ ಹೇಳುತ್ತಿದ್ದರು. ಟಾರಿಸೆಲ್ಲಿ ಅದನ್ನು ಒಪ್ಪಲಿಲ್ಲ. ಭೂಮಿಯ ಎರಡು ಕಡೆ ಗಾಳಿಯ ಉಷ್ಣತೆ ಬೇರೆ ಬೇರೆ ಇರುತ್ತದೆ. ತಂಪಾದ ಗಾಳಿ ಒತ್ತಾಗಿ ಸೇರಿ ಭಾರವಾಗುತ್ತದೆ. ಬಿಸಿಯಾದ ಗಾಳಿ ಹಿಗ್ಗಿ ಹಗುರವಾಗುತ್ತದೆ. ಭಾರದ ಗಾಳಿ ಹಗುರ ಗಾಳಿಯ ಕಡೆಗೆ ಹರಿಯುತ್ತದೆ. ಅದೇ ಮಾರುತ ಎಂದು ವಿವರಿಸಿದ. ನೀರು ಹರಿಯುವುದನ್ನು ಕ್ಯಾಸ್ಟೆಲ್ಲಿ ಅವರಿಂದ ಕಲಿತವನಿಗೆ, ಗಾಳಿಗೆ ತೂಕವಿದೆ ಎಂದು ಕಂಡವನಿಗೆ, ಈ ಮಾತು ಹೊಳೆದದ್ದು ಸಹಜವೇ ಆಗಿತ್ತು.

ಕಾರವಾರ, ಮಲ್ಪೆ ಕಡೆಯ ಮಕ್ಕಳು ಇದನ್ನು ದಿನವೂ ಕಾಣುತ್ತೀರಿ. ಹಗಲಿನಲ್ಲಿ ನೆಲ ಬೇಗ ಕಾಯುತ್ತದೆ, ಕಡಲು ನಿಧಾನ. ನೆಲದ ಮೇಲಿನ ಗಾಳಿ ಬಿಸಿಯಾಗಿ ಹಗುರವಾಗಿ ಮೇಲೇರುತ್ತದೆ, ಅಲ್ಲಿ ಒತ್ತಡ ಕಡಿಮೆಯಾಗುತ್ತದೆ. ಕಡಲಿನ ಮೇಲಿನ ತಂಪು ಗಾಳಿ ದಡದ ಕಡೆಗೆ ನುಗ್ಗುತ್ತದೆ. ಇದು ಕಡಲಗಾಳಿ. ರಾತ್ರಿ ನೆಲವೇ ಬೇಗ ಆರುತ್ತದೆ. ಆಗ ನೆಲದಿಂದ ಕಡಲಿನ ಕಡೆಗೆ ಬೀಸುತ್ತದೆ. ಇದು ನೆಲಗಾಳಿ. ಹಾಯಿದೋಣಿಯ ಕಾಲದಲ್ಲಿ ಮೀನುಗಾರರು ಬೆಳಗಿನ ಜಾವದ ನೆಲಗಾಳಿಯಲ್ಲಿ ಕಡಲಿಗಿಳಿದು, ಮಧ್ಯಾಹ್ನದ ಕಡಲಗಾಳಿಯಲ್ಲಿ ದಡಕ್ಕೆ ಮರಳುತ್ತಿದ್ದರು.

ಒಳನಾಡಿನ ಮಕ್ಕಳು ಬೇಜಾರು ಮಾಡಿಕೊಳ್ಳಬೇಡಿ. ಬೇಸಿಗೆಯ ನಡು ಮಧ್ಯಾಹ್ನ, ಹೊರಗೆ ಎಲೆಯೂ ಅಲುಗದಿರುವಾಗ, ದಪ್ಪ ಗೋಡೆಯ ಹಳೆಯ ಮನೆ ಅಥವಾ ಕಲ್ಲಿನ ಗುಡಿಯ ತೆರೆದ ಬಾಗಿಲಿನ ಬಳಿ ಹೋಗಿ. ದೊಡ್ಡವರೊಬ್ಬರು ಜೊತೆಗಿರಲಿ. ಹೊತ್ತಿಸಿದ ಊದುಬತ್ತಿಯನ್ನು ಹೊಸ್ತಿಲ ಹತ್ತಿರ ಹಿಡಿಯಿರಿ. ಹೊಗೆ ಹೊರಗೆ ಬಾಗುತ್ತದೆ. ಒಳಗಿನ ತಂಪು ಗಾಳಿ ಭಾರವಾಗಿ ಬಾಗಿಲ ತಳದಿಂದ ಹೊರಗೆ ಹರಿಯುತ್ತಿದೆ. ಈಗ ಊದುಬತ್ತಿಯನ್ನು ಬಾಗಿಲಿನ ಮೇಲ್ಭಾಗಕ್ಕೆ ಎತ್ತಿ ಹಿಡಿಯಿರಿ. ಹೊಗೆ ಯಾವ ಕಡೆಗೆ ಹೋಯಿತು? ಏಕೆ? ಉತ್ತರವನ್ನು ನಾನು ಹೇಳುವುದಿಲ್ಲ.

ಬೆಟ್ಟದ ಮೇಲೆ ಪಾದರಸ

1647ರ ಅಕ್ಟೋಬರ್‌ನಲ್ಲಿ ಟಾರಿಸೆಲ್ಲಿಗೆ ಜ್ವರ ಬಂತು. ಕೆಲವೇ ದಿನಗಳಲ್ಲಿ, 25ರಂದು, ಫ್ಲಾರೆನ್ಸ್‌ನಲ್ಲಿ ತೀರಿಕೊಂಡ. ಹತ್ತು ದಿನಗಳ ಹಿಂದೆಯಷ್ಟೇ 39 ತುಂಬಿತ್ತು.

ಆತ ರಿಚ್ಚಿಗೆ ಬರೆದ ಪ್ರಯೋಗದ ಸುದ್ದಿ ಆ ಹೊತ್ತಿಗೆ ಫ್ರಾನ್ಸ್ ತಲುಪಿತ್ತು. ಅಲ್ಲಿ ಬ್ಲೇಸ್ ಪಾಸ್ಕಲ್ ಎಂಬ ತರುಣ ವಿಜ್ಞಾನಿ ಹೀಗೆ ಯೋಚಿಸಿದ: ನಾವು ಗಾಳಿಯ ಕಡಲಿನ ತಳದಲ್ಲಿ ಇರುವುದು ನಿಜವಾದರೆ ಬೆಟ್ಟ ಹತ್ತಿದಾಗ ನಮ್ಮ ಮೇಲಿನ ಗಾಳಿ ಕಡಿಮೆಯಾಗಬೇಕು, ಪಾದರಸ ಇಳಿಯಬೇಕು. ಆತನ ಭಾವ ಪೆರಿಯೆ 1648ರ ಸೆಪ್ಟೆಂಬರ್ 19ರಂದು ಪುಯಿ ದ ದೋಮ್ ಎಂಬ ಬೆಟ್ಟಕ್ಕೆ ಗಾಜಿನ ಕೊಳವೆ, ಪಾದರಸ ಹೊತ್ತುಕೊಂಡು ಹೋದ. ಬುಡದಲ್ಲಿ ಒಂದು ಕೊಳವೆಯನ್ನು ಇಟ್ಟು, ದಿನವಿಡೀ ನೋಡುತ್ತಿರಲು ಒಬ್ಬರನ್ನು ನೇಮಿಸಿದ್ದ. ಅದರ ಮಟ್ಟ ಬದಲಾಗಲಿಲ್ಲ. ಬೆಟ್ಟದ ತುದಿಯಲ್ಲಿ ಪಾದರಸ ಸುಮಾರು 8 ಸೆಂ.ಮೀ. ಕೆಳಗೆ ನಿಂತಿತು. ಮಂಗಳೂರಿನಲ್ಲಿ 76 ಸೆಂ.ಮೀ. ನಿಲ್ಲುವ ಪಾದರಸ ಬೆಂಗಳೂರಿನಲ್ಲಿ ಸುಮಾರು 68 ಸೆಂ.ಮೀ. ನಿಲ್ಲುವುದೂ ಇದೇ ಕಾರಣಕ್ಕೆ. ಟಾರಿಸೆಲ್ಲಿ ಇನ್ನು 11 ತಿಂಗಳು ಬದುಕಿದ್ದರೆ ಈ ಸುದ್ದಿ ಕೇಳುತ್ತಿದ್ದ.

ಮಾರುತದ ಉಪನ್ಯಾಸ ಇನ್ನೂ ಬಹಳ ಕಾಲ ಕಾಯಬೇಕಾಯಿತು. ಅದು ಅಚ್ಚಾದದ್ದು 1715ರಲ್ಲಿ, ಆತ ಸತ್ತು 68 ವರ್ಷಗಳ ಮೇಲೆ. ಅಷ್ಟರಲ್ಲಿ, 1686ರಲ್ಲಿ, ಇಂಗ್ಲೆಂಡಿನ ಎಡ್ಮಂಡ್ ಹ್ಯಾಲಿ ಸಾಗರಗಳ ಮೇಲಿನ ಮಾರುತಗಳ ನಕ್ಷೆ ಬಿಡಿಸಿ, ಸೂರ್ಯನ ಬಿಸಿಲಿನಿಂದ ಗಾಳಿ ಕಾಯುವುದೇ ಅವುಗಳಿಗೆ ಕಾರಣ ಎಂದು ಬರೆದಿದ್ದ. ನಮಗೆ ಮಳೆ ತರುವ ನೈಋತ್ಯ ಮಾನ್ಸೂನ್ ಮಾರುತ ಕೂಡ ಆ ನಕ್ಷೆಯಲ್ಲಿತ್ತು.

ಮೊದಲು ಕೇಳಿದ ವಾಯುಭಾರ ಕುಸಿತಕ್ಕೆ ಬರೋಣ. ಕಡಲಿನ ಮೇಲೆ ಒಂದು ಕಡೆ ಗಾಳಿ ಬಿಸಿಯಾಗಿ ಮೇಲೇರಿ ಅಲ್ಲಿಯ ಒತ್ತಡ ಸುತ್ತಲಿನದಕ್ಕಿಂತ ಕಡಿಮೆಯಾಗುತ್ತದೆ. ಸುತ್ತಲಿನ ಭಾರದ ಗಾಳಿ ಅತ್ತ ನುಗ್ಗುತ್ತದೆ. ಒತ್ತಡದ ವ್ಯತ್ಯಾಸ ಹೆಚ್ಚಿದಷ್ಟೂ ನುಗ್ಗುವ ವೇಗ ಹೆಚ್ಚು. ನಿಮ್ಮೂರಿನ ತೆಂಗಿನ ಮರ ಅಲ್ಲಾಡುವುದು ಆಗಲೇ.

ಒತ್ತಡದ ಒಂದು ಅಳತೆಗೆ ವಿಜ್ಞಾನಿಗಳು ಟಾರ್ ಎಂದು ಟಾರಿಸೆಲ್ಲಿಯ ಹೆಸರಿಟ್ಟಿದ್ದಾರೆ. ಒಂದು ಟಾರ್ ಎಂದರೆ ಹೆಚ್ಚು ಕಡಿಮೆ ಒಂದು ಮಿಲಿಮೀಟರ್ ಪಾದರಸ. ಮುಂದಿನ ಸಲ ಅಜ್ಜಿಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದಾಗ ಬಿ.ಪಿ. ಎಷ್ಟು ಬಂತು ಎಂದು ಕೇಳಿ. 120, 80 ಎಂದೆಲ್ಲ ಹೇಳುತ್ತಾರೆ. ಈಗ ಬಂದಿರುವ ಯಂತ್ರದಲ್ಲಿ ಪಾದರಸ ಇಲ್ಲದಿದ್ದರೂ ಆ ಅಂಕಿಗಳು ಟಾರಿಸೆಲ್ಲಿಯ ಕೊಳವೆಯಂತೆಯೇ ಪಾದರಸದ ಎತ್ತರವನ್ನು ಮಿಲಿಮೀಟರ್‌ಗಳಲ್ಲಿ ಹೇಳುತ್ತಿವೆ.